ಕೆಸರೆಯ ಕಾರಿಗೆ ಪೈಪೋ, ಬಕೆಟ್ಟೋ?

ಕೆಸರೆ: ಹೆಸರಲ್ಲೇ ಕೆಸರು ಕೇಳಿಸುವ ಬಡಾವಣೆಯಲ್ಲಿ ಕಾರು ಫಳಫಳ ಹೊಳೆಯಬೇಕೆಂದರೆ ಸುಮ್ಮನೆ ಆದೀತೇ? ಗೀರು ತೆಗೆಸಲು ಪಾಲಿಶ್ ಹೊಡೆಸುವವರ ಮುಂದೆ ಈಗೊಂದು ಪ್ರಶ್ನೆ. ಅದಕ್ಕೆ ಮುಂಚೆ ಪೈಪ್ ಹಿಡಿದು ತೊಳೆಯುವುದೋ, ಒಂದೇ ಬಕೆಟ್ಟಿನಲ್ಲಿ ಒರೆಸಿ ಮುಗಿಸುವುದೋ?

ಎರಡನೆಯದಕ್ಕೆ ‘ರಿನ್ಸ್‌ಲೆಸ್’ ಎಂದು ಹೆಸರು. ಏಳೆಂಟು ಲೀಟರ್ ನೀರಿಗೆ ಸುಮಾರು 30 ಮಿ.ಲೀ. ದ್ರಾವಣ. ಅದರಲ್ಲಿ ಅದ್ದಿದ ಮೈಕ್ರೋಫೈಬರ್ ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಒರೆಸಿ, ಒಣಬಟ್ಟೆ ಆಡಿಸಿದರೆ ಆಯಿತು. ಕೊಳೆಯಾದ ಮಗ್ಗುಲನ್ನು ಮಾತ್ರ ಮತ್ತೆ ಕಾರಿಗೆ ಮುಟ್ಟಿಸುವಂತಿಲ್ಲ.

‘ಹಂಗಾದ್ರೆ ಪೈಪ್ ಯಾಕ್ ಸ್ವಾಮಿ?’ ಎನ್ನಬೇಡಿ. ಧೂಳು ಬೇರೆ, ಕೆಸರು ಬೇರೆ. ಮಳೆಗಾಲದಲ್ಲಿ ಬಾಗಿಲ ಕೆಳಗೆ ಮೆತ್ತಿದ ಮಣ್ಣಿನಲ್ಲಿ ಮರಳಿರುತ್ತದೆ. ಅದನ್ನು ಒರೆಸಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಒಂದು ಕಣ ಪಾಲಿಶ್ ಮೆಶೀನಿನ ಪ್ಯಾಡಿಗೆ ಸಿಕ್ಕರಂತೂ ಹಳೆ ಗೀರು ತೆಗೆಯಲು ಹೋಗಿ ಹೊಸ ಗೀರು! ಪಾಲಿಶ್ ಎಂದರೆ ಬಣ್ಣದ ಮೇಲಿನ ಕ್ಲಿಯರ್ ಕೋಟನ್ನೇ ತುಸು ಸವೆಸುವುದು. ಅದು ಸಾಮಾನ್ಯವಾಗಿ ತಲೆಗೂದಲಿಗಿಂತ ತೆಳು. ಸವೆದದ್ದು ವಾಪಸ್ ಬರದು.

ಇನ್ನು ನೀರಿನ ಲೆಕ್ಕ. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂ. ದಂಡ ಎಂದು ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಸಾರಿತು. ಮೈಸೂರಿನ ನಲ್ಲಿಗಳಿಗೂ ಬರುವುದು ಕಾವೇರಿ, ಕಬಿನಿಯ ನೀರೇ. ಅದನ್ನು ಚರಂಡಿಗೆ ಹರಿಸುವುದು ಯಾವ ನ್ಯಾಯ?

ಆದ್ದರಿಂದ ಬರೀ ಧೂಳಾದರೆ ಬಕೆಟ್ಟೇ ಸಾಕು. ಮಣ್ಣು ಮೆತ್ತಿದ್ದರೆ ಮೊದಲು ನೀರು ಬಿಟ್ಟು ನೆನೆಸಿ ಇಳಿಸಿ, ಆಮೇಲೆ ಶಾಂಪೂ. ಅದಕ್ಕೆ ಹಿಡಿದಿಟ್ಟ ಮಳೆನೀರೂ ಆದೀತು. ತೊಳೆದ ಮೇಲೂ ಕೈಗೆ ತರಿತರಿ ಎನಿಸಿದರೆ ಕ್ಲೇ ಬಾರ್ ಆಡಿಸದೆ ಮೆಶೀನ್ ಮುಟ್ಟಿಸಬೇಡಿ. ಅವಸರಪಟ್ಟರೆ ಕಾಸೂ ಹೋಯ್ತು, ಬಣ್ಣವೂ ಹೋಯ್ತು!