ಪ್ರೆಸ್ಸಿನ ಗಾಳಿ, ದುಡಿಯುವವರ ರಕ್ತ: ತಪ್ಪು ಕಲ್ಪನೆ ಮತ್ತು ಸತ್ಯ

ಮುದ್ರಣಯಂತ್ರದ ರೋಲರ್, ಬ್ಲಾಂಕೆಟ್ (ರಬ್ಬರ್ ಹಾಳೆ) ಒರೆಸುವ ಪೆಟ್ರೋಲ್ ಮತ್ತು ಥಿನ್ನರ್‌ನ ಅಂಶ ಉಸಿರಿನಿಂದಲೂ ಬರಿಗೈಯ ಚರ್ಮದಿಂದಲೂ ಮೈಗಿಳಿಯುತ್ತದೆ. ಅದರಲ್ಲಿ ರಕ್ತಕ್ಕೆ ಹೆಚ್ಚು ಅಪಾಯಕಾರಿಯಾದದ್ದು ಬೆಂಜೀನ್. ನಮ್ಮ ದೇಶದ ಪೆಟ್ರೋಲ್‌ನಲ್ಲಿ ಶೇ 1ರವರೆಗೆ ಬೆಂಜೀನ್ ಇರಬಹುದು.

ತಪ್ಪು ಕಲ್ಪನೆ: ಪ್ರೆಸ್ಸಿನಲ್ಲಿ ದುಡಿದವರಿಗೆಲ್ಲ ರಕ್ತ ಕೆಡುತ್ತದೆ.
ಸತ್ಯ: ಯಾವ ದ್ರಾವಕ, ಎಷ್ಟು ಪ್ರಮಾಣ, ಎಷ್ಟು ವರ್ಷ ಎಂಬುದರ ಮೇಲೆ ಎಲ್ಲವೂ ನಿಂತಿದೆ. 1930ರ ದಶಕದಲ್ಲಿ ನ್ಯೂಯಾರ್ಕ್‌ನ ಗ್ರೇವ್ಯೂರ್ ಮುದ್ರಣಾಲಯಗಳು ಶಾಯಿಗೆ ಬೆಂಜೀನ್ ಬೆರೆಸುತ್ತಿದ್ದವು. ಅಲ್ಲಿನ ಕಾರ್ಮಿಕರನ್ನು ಪರೀಕ್ಷಿಸಿದಾಗ ಹಲವರ ರಕ್ತಕಣಗಳು ಇಳಿದಿದ್ದವು. ಮುಂದೆ ಬೆಂಜೀನ್ ಜಾಗಕ್ಕೆ ಟಾಲ್ವೀನ್ ಎಂಬ ದ್ರಾವಕ ಬಂತು. ಅದು ಅಸ್ಥಿಮಜ್ಜೆಯನ್ನು ಬೆಂಜೀನ್‌ನಂತೆ ಹಾಳುಮಾಡದು, ಆದರೆ ನರಮಂಡಲಕ್ಕೆ ಕೆಟ್ಟದ್ದು.

ತಪ್ಪು ಕಲ್ಪನೆ: ವಾಸನೆ ಅಭ್ಯಾಸವಾಯಿತೆಂದರೆ ಮೈಗೂ ಒಗ್ಗಿತು.
ಸತ್ಯ: ಒಗ್ಗುವುದು ಮೂಗು ಮಾತ್ರ. ಅಮೆರಿಕದಲ್ಲಿ ಎಂಟು ಗಂಟೆಯ ಪಾಳಿಗೆ ಬೆಂಜೀನ್ ಮಿತಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ 1 ಭಾಗ. ವಾಸನೆ ತಿಳಿಯುವ ಹೊತ್ತಿಗೆ ಈ ಮಿತಿ ದಾಟಿರಬಹುದು.

ತಪ್ಪು ಕಲ್ಪನೆ: ಹಾಲು ಕುಡಿದು ಬೆಲ್ಲ ತಿಂದರೆ ವಿಷ ಇಳಿಯುತ್ತದೆ.
ಸತ್ಯ: ಹಾಲು, ಬೆಲ್ಲ ಹೋಗುವುದು ಹೊಟ್ಟೆಗೆ, ಆವಿ ಹೋಗುವುದು ಶ್ವಾಸಕೋಶಕ್ಕೆ, ಅಲ್ಲಿಂದ ರಕ್ತಕ್ಕೆ. ಯಕೃತ್ತು ಬೆಂಜೀನನ್ನು ಒಡೆದಾಗ ಹುಟ್ಟುವ ವಸ್ತುಗಳು ಮಜ್ಜೆಯನ್ನು ಸೇರಿ, ರಕ್ತಕಣಗಳಿಗೆ ಜನ್ಮ ಕೊಡುವ ಮೂಲ ಕೋಶಗಳನ್ನೇ ಘಾಸಿಗೊಳಿಸುತ್ತವೆ. ಈ ದಾರಿಯನ್ನು ಯಾವ ಆಹಾರವೂ ಮುಚ್ಚಲಾರದು.

ತಪ್ಪು ಕಲ್ಪನೆ: ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಕು.
ಸತ್ಯ: ಬಟ್ಟೆಯಾಗಲಿ ಧೂಳಿನ ಮಾಸ್ಕ್ ಆಗಲಿ ಆವಿಯನ್ನು ತಡೆಯದು. ಅದಕ್ಕೆ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಬೇಕು. ಅದಕ್ಕೂ ಮೊದಲು ಪೆಟ್ರೋಲ್ ಬದಲು ಬೆಂಜೀನ್ ಇಲ್ಲದ ವಾಶ್ (ಯಂತ್ರ ಒರೆಸುವ ದ್ರಾವಕ), ಆವಿಯನ್ನು ಹೊರಗೆಳೆಯುವ ಎಕ್ಸಾಸ್ಟ್ ಫ್ಯಾನ್, ಮುಚ್ಚಿದ ಡಬ್ಬಿ, ದ್ರಾವಕಕ್ಕೆ ಕರಗದ ಗ್ಲೌಸ್ ಬೇಕು. ಕೈಯ ಶಾಯಿಯನ್ನು ಪೆಟ್ರೋಲ್‌ನಲ್ಲಿ ತೊಳೆಯುವ ರೂಢಿ ನಿಲ್ಲಲೇಬೇಕು.

ತಪ್ಪು ಕಲ್ಪನೆ: ರಕ್ತ ಕಡಿಮೆಯಾದರೆ ಕಬ್ಬಿಣದ ಮಾತ್ರೆ ನುಂಗಿದರಾಯಿತು.
ಸತ್ಯ: ಕಬ್ಬಿಣದ ಕೊರತೆಯಿದ್ದರೆ ಮಾತ್ರ ಆ ಮಾತ್ರೆ ಫಲ ಕೊಡುತ್ತದೆ. ಮಜ್ಜೆಯೇ ಸೊರಗಿದರೆ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಇಳಿಯುತ್ತವೆ. ಅಚ್ಚಿನ ಮೊಳೆ ಜೋಡಿಸುವ ಹಳೆಯ ಪ್ರೆಸ್ಸುಗಳಲ್ಲಿ ಆ ಮೊಳೆಗಳ ಸೀಸವು ಹಿಮೋಗ್ಲೋಬಿನ್ ತಯಾರಿಕೆಗೇ ಅಡ್ಡಬರುತ್ತಿತ್ತು. ಸುಸ್ತು, ಪದೇ ಪದೇ ಜ್ವರ, ಒಸಡಿನ ರಕ್ತ, ಕಾರಣವಿಲ್ಲದ ನೀಲಿ ಕಲೆ ಕಂಡರೆ ವೈದ್ಯರಲ್ಲಿಗೆ ಹೋಗಿ, ಮಾಡುವ ಕೆಲಸವನ್ನೂ ಬಳಸುವ ದ್ರಾವಕವನ್ನೂ ಹೇಳಿ.

ತಪ್ಪು ಕಲ್ಪನೆ: ಒಮ್ಮೆ ರಿಪೋರ್ಟ್ ನಾರ್ಮಲ್ ಬಂದರೆ ಚಿಂತೆಯಿಲ್ಲ.
ಸತ್ಯ: ಬೆಂಜೀನ್‌ನಿಂದ ಬರುವ ರಕ್ತದ ಕ್ಯಾನ್ಸರ್ ವರ್ಷಗಳ ನಂತರವೂ ತಲೆದೋರಬಹುದು. ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ನಿಯತವಾಗಿ ಸಿಬಿಸಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ಮಾಡಿಸಿ, ಹಳೆಯ ರಿಪೋರ್ಟ್‌ಗಳನ್ನು ಜೋಪಾನವಾಗಿಡಿ. ಈ ಸಲದ ಅಂಕಿ ನಾರ್ಮಲ್ ಮಿತಿಯೊಳಗಿದ್ದರೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಅದೇ ಎಚ್ಚರಿಕೆ.

ಬೆಂಜೀನ್ ವಿಷಬಾಧೆಯನ್ನು ನಮ್ಮ ಕಾನೂನು ವೃತ್ತಿಜನ್ಯ ರೋಗವೆಂದು ಒಪ್ಪಿದೆ. ಹಾಗಾಗಿ ಒಳ್ಳೆಯ ಗಾಳಿ, ಸುರಕ್ಷಿತ ವಾಶ್, ರಕ್ತಪರೀಕ್ಷೆ ಕೇಳಲು ಕಾರ್ಮಿಕರು ಹಿಂಜರಿಯಬೇಕಿಲ್ಲ. ಅವನ್ನು ಒದಗಿಸುವುದು ಮಾಲೀಕರ ಹೊಣೆ.