ಬುರಣಾಪುರದ ರನ್‌ವೇ, ನಾಲ್ಕು ತಾಲ್ಲೂಕುಗಳ ಲೆಕ್ಕ

ವಿಜಯಪುರ ಜಿಲ್ಲೆಯವರಿಗೆ ಬೆಂಗಳೂರು ಅಂದರೆ ಒಂದು ರಾತ್ರಿ. ಸಂಜೆ ಊಟದ ಬುತ್ತಿ ಕಟ್ಟಿಕೊಂಡು ಬಸ್ಸೇರಿದರೆ ಬೆಳಗಿನ ಚಹಾ ಮೆಜೆಸ್ಟಿಕ್‌ನಲ್ಲಿ. ದಾರಿ ಐನೂರು ಕಿಲೋಮೀಟರ್ ದಾಟುತ್ತದೆ. ಇಂಡಿಯ ಲಿಂಬೆ ವ್ಯಾಪಾರಿ, ಸಿಂದಗಿಯ ವಕೀಲ, ಮುದ್ದೇಬಿಹಾಳದಿಂದ ಹೋಗಿ ಸಾಫ್ಟ್‌ವೇರ್ ಕೆಲಸ ಹಿಡಿದ ಹುಡುಗಿ, ಬಸವನ ಬಾಗೇವಾಡಿಯಿಂದ ತಂದೆಯನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವ ಮಗ, ಎಲ್ಲರಿಗೂ ಅದೇ ರಾತ್ರಿ. ಸ್ಲೀಪರ್ ಬಸ್ಸು ಸಿಗದವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ಅದು ಗದಗ, ಹುಬ್ಬಳ್ಳಿ ಸುತ್ತಿಕೊಂಡು ಹೋಗುವ ರೈಲು. ರಾತ್ರಿಯ ಜತೆಗೆ ಹಗಲಿನ ಪಾಲನ್ನೂ ಕೇಳುತ್ತದೆ.

ಈ ರಾತ್ರಿಯನ್ನು ಒಂದೂಕಾಲು ಗಂಟೆಯ ಹಾರಾಟಕ್ಕೆ ಇಳಿಸುತ್ತೇನೆ ಎಂದು ಮಾತು ಕೊಟ್ಟ ಜಾಗ ಬುರಣಾಪುರ. ವಿಜಯಪುರ ನಗರದ ಹೊರವಲಯದಲ್ಲಿ, ಬುರಣಾಪುರ ಮತ್ತು ಮದಭಾವಿ ಗ್ರಾಮಗಳ ಹೊಲಗಳ ನಡುವೆ 727 ಎಕರೆಯಲ್ಲಿ ವಿಮಾನ ನಿಲ್ದಾಣ ಎದ್ದಿದೆ. ಆ ಮಾತು ಉಳಿಯುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವರು ಗುಮ್ಮಟನಗರಿ ವಿಜಯಪುರದವರಷ್ಟೇ ಅಲ್ಲ. ನಗರವನ್ನು ಸುತ್ತುವರಿದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಹಳೆಯ ನಾಲ್ಕು ತಾಲ್ಲೂಕುಗಳ ಜನ ಅಲ್ಲಿಗೆ ಬಂದು ವಿಮಾನ ಹತ್ತಬೇಕು.

ಕಲ್ಲು ನೆಟ್ಟದ್ದು, ಕಾದದ್ದು

ಈ ಕನಸು ಹೊಸದಲ್ಲ. ಹದಿನೈದು ವರ್ಷಕ್ಕೂ ಹಿಂದೆ ಖಾಸಗಿ ಸಹಭಾಗಿತ್ವದಲ್ಲಿ ಇಲ್ಲೊಂದು ವಿಮಾನ ನಿಲ್ದಾಣ ಕಟ್ಟುವ ಯೋಜನೆ ರೂಪುಗೊಂಡಿತ್ತು, ಕೈಗೂಡಲಿಲ್ಲ. ಬಳಿಕ ರಾಜ್ಯ ಸರ್ಕಾರವೇ ಹೊಣೆ ಹೊತ್ತಿತು. 2021ರ ಫೆಬ್ರುವರಿಯಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ₹220 ಕೋಟಿ ಅಂದಾಜಿನ ಕಾಮಗಾರಿಗೆ ಶಂಕುಸ್ಥಾಪನೆ ಮಾಡಿದರು. ಮೊದಲು ಎಟಿಆರ್-72 ಮಾದರಿಯ, ಎಪ್ಪತ್ತರ ಆಸುಪಾಸು ಸೀಟಿನ ವಿಮಾನ ಇಳಿದರೆ ಸಾಕೆಂದು ನಕ್ಷೆ ಹಾಕಲಾಗಿತ್ತು. ಆಮೇಲೆ ಏರ್‌ಬಸ್ ಎ-320 ಇಳಿಯುವಂತೆ ಯೋಜನೆ ಹಿಗ್ಗಿತು, ರಾತ್ರಿ ಇಳಿಯುವ ಸೌಲಭ್ಯವೂ ಸೇರಿತು. ವಿನ್ಯಾಸ ಹಿಗ್ಗಿದಂತೆ ವೆಚ್ಚವೂ ಏರಿತು, ಗಡುವೂ ಮುಂದಕ್ಕೆ ಹೋಯಿತು.

2023ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆ ರಾಜ್ಯದ ನಾಲ್ಕು ವಿಮಾನ ನಿಲ್ದಾಣಗಳಿಗೆ ಹೆಸರಿಡುವ ನಿರ್ಣಯ ಅಂಗೀಕರಿಸಿತು. ಹುಬ್ಬಳ್ಳಿಗೆ ಸಂಗೊಳ್ಳಿ ರಾಯಣ್ಣ, ಬೆಳಗಾವಿಗೆ ಕಿತ್ತೂರು ರಾಣಿ ಚನ್ನಮ್ಮ, ಶಿವಮೊಗ್ಗಕ್ಕೆ ಕುವೆಂಪು, ವಿಜಯಪುರಕ್ಕೆ ಜಗಜ್ಯೋತಿ ಬಸವೇಶ್ವರ. ವಿಮಾನವೇ ಇಳಿಯದ ನಿಲ್ದಾಣಕ್ಕೆ ಬಾಗೇವಾಡಿಯ ಮಗನ ಹೆಸರು ಮೊದಲು ಬಂತು. ಬಸವಣ್ಣ ಹುಟ್ಟಿದ ಊರು ಇಲ್ಲಿಂದ ಐವತ್ತು ಕಿಲೋಮೀಟರ್ ಒಳಗೇ ಇದೆ.

ಕಾಮಗಾರಿ ಬಹುಪಾಲು ಮುಗಿದ ಹೊತ್ತಿಗೆ ತೊಡಕು ಎದುರಾದದ್ದು ಕಾಗದದಲ್ಲಿ. ಕೆಲಸ ಆರಂಭವಾದ ಮೇಲೆ ಪರಿಸರ ಅನುಮತಿ ಕೊಡುವ ಪದ್ಧತಿಯನ್ನೇ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತಡೆಯಿತು. ದೇಶದ ಹಲವು ಯೋಜನೆಗಳ ಜತೆ ವಿಜಯಪುರದ್ದೂ ಸಿಕ್ಕಿಹಾಕಿಕೊಂಡಿತು. ಅದೇ ವರ್ಷ ನವೆಂಬರ್‌ನಲ್ಲಿ ನ್ಯಾಯಾಲಯ ಬಹುಮತದಿಂದ ಆ ತೀರ್ಪನ್ನು ಹಿಂಪಡೆದಾಗ ದಾರಿ ತೆರೆಯಿತು. ಈ ನಡುವಿನ ತಿಂಗಳುಗಳಲ್ಲಿ ಜಿಲ್ಲೆಯ ಚಹಾ ಅಂಗಡಿಗಳಲ್ಲಿ ಇದ್ದದ್ದು ಒಂದೇ ಪ್ರಶ್ನೆ: ‘ವಿಮಾನ ಯಾವಾಗ ಹಾರತೈತಿ?’

ಅದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆ ಇದೆ. ಹಾರಿದ ವಿಮಾನ ನಾಲ್ಕನೇ ವರ್ಷವೂ ಹಾರುತ್ತಿರುತ್ತದೆಯೇ?

ಪಕ್ಕದ ಮನೆಯ ಪಾಠ

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಸಿಂದಗಿಯಿಂದ ಪೂರ್ವಕ್ಕೆ ಜೇವರ್ಗಿ ದಾಟಿ ನೂರು ಕಿಲೋಮೀಟರ್ ನಡೆದರೆ ಕಲಬುರಗಿ. ಅಲ್ಲಿ ಶ್ರೀನಿವಾಸ ಸರಡಗಿ ಬಳಿಯ ವಿಮಾನ ನಿಲ್ದಾಣಕ್ಕೆ 2008ರಲ್ಲಿ ಅಡಿಗಲ್ಲು ಬಿದ್ದಿತ್ತು. ಖಾಸಗಿಯವರಿಂದ ಆಗದ ಕೆಲಸವನ್ನು ಲೋಕೋಪಯೋಗಿ ಇಲಾಖೆ ಮುಗಿಸಿದ ಮೇಲೆ 2019ರ ನವೆಂಬರ್ 22ರಂದು ಮೊದಲ ವಾಣಿಜ್ಯ ವಿಮಾನ ಇಳಿಯಿತು. ಬೆಂಗಳೂರಿನಿಂದ ಬಂದ ಸ್ಟಾರ್ ಏರ್ ವಿಮಾನಕ್ಕೆ ಊರೇ ಹಬ್ಬದಂತೆ ಸ್ವಾಗತ ಕೋರಿತು. ಅಲಯನ್ಸ್ ಏರ್ ಕೂಡ ಬಂತು. ಮುಂದೆ ದೆಹಲಿ ಬಳಿಯ ಹಿಂಡನ್, ತಿರುಪತಿ ಮಾರ್ಗಗಳು ಸೇರಿದವು. ಮೂರು ಕಿಲೋಮೀಟರ್‌ಗೂ ಮೀರಿದ ರನ್‌ವೇ, ಪೈಲಟ್ ತರಬೇತಿ ಶಾಲೆಗಳು, ಎಲ್ಲವೂ ಏರುಮುಖದಲ್ಲಿದ್ದವು. ಸಿಂದಗಿ, ಇಂಡಿಯ ಎಷ್ಟೋ ಕುಟುಂಬಗಳ ಮೊದಲ ವಿಮಾನ ಪ್ರಯಾಣ ಶುರುವಾದದ್ದು ಅಲ್ಲಿಂದಲೇ.

2025ರ ಅಕ್ಟೋಬರ್ ಮಧ್ಯದಲ್ಲಿ ಸ್ಟಾರ್ ಏರ್ ಬೆಂಗಳೂರು–ಕಲಬುರಗಿ ಹಾರಾಟ ನಿಲ್ಲಿಸಿತು. ಸಣ್ಣ ಊರುಗಳ ವಿಮಾನ ಸೇವೆಗೆ ಕೇಂದ್ರ ಸರ್ಕಾರ ಕೊಡುವ ಉಡಾನ್ ಯೋಜನೆಯ ನೆರವಿನ ಅವಧಿ ಮುಗಿದಿತ್ತು.

ಬೀದರ್‌ನ ಕಥೆ ಇನ್ನೂ ಏರಿಳಿತದ್ದು. ವಾಯುಪಡೆಯ ನೆಲೆಗೆ ಹೊಂದಿಕೊಂಡ ಆ ನಿಲ್ದಾಣದಲ್ಲಿ 2020ರ ಫೆಬ್ರುವರಿಯಲ್ಲಿ ಟ್ರೂಜೆಟ್ ಸೇವೆ ಆರಂಭವಾಗಿ ನಿಂತಿತು. ಸ್ಟಾರ್ ಏರ್ ಬಂದು ಮತ್ತೆ ಹಾರಿತು. 2023ರ ಕೊನೆಗೆ ಮತ್ತೆ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಆರಂಭವಾಯಿತು. ಹೀಗೆ ಬಂದು ಹೋಗುವ ವಿಮಾನವನ್ನು ನಂಬಿ ಯಾರೂ ಮದುವೆಯ ದಿನ ಗೊತ್ತು ಮಾಡುವುದಿಲ್ಲ, ಆಪರೇಷನ್ ತಾರೀಖು ತೆಗೆದುಕೊಳ್ಳುವುದಿಲ್ಲ. ಒಮ್ಮೆ ನಂಬಿಕೆ ಹೋದರೆ ಪ್ರಯಾಣಿಕ ಬಸ್ಸಿಗೆ ಮರಳುತ್ತಾನೆ. ಸೀಟು ಖಾಲಿ ಬೀಳುತ್ತದೆ. ಖಾಲಿ ಸೀಟು ತೋರಿಸಿ ಕಂಪನಿ ಮಾರ್ಗ ಬಿಡುತ್ತದೆ.

ಇದು ಕಲ್ಯಾಣ ಕರ್ನಾಟಕದ ಶಾಪವೇನೂ ಅಲ್ಲ. 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ಹಾರಾಟದೊಂದಿಗೆ ಆರಂಭವಾದ ಉಡಾನ್ ಯೋಜನೆಯನ್ನು ಮಹಾಲೇಖಪಾಲರು ಪರಿಶೀಲಿಸಿ 2023ರಲ್ಲಿ ವರದಿ ಕೊಟ್ಟರು. ಮಂಜೂರಾದ 774 ಮಾರ್ಗಗಳ ಪೈಕಿ ಆರಂಭವಾದದ್ದು 371. ಅವುಗಳಲ್ಲಿ ಮೂರು ವರ್ಷದ ರಿಯಾಯಿತಿ ಅವಧಿ ಪೂರೈಸಿದ್ದು 112. ನೆರವು ಮುಗಿದ ಮೇಲೂ 2023ರ ಮಾರ್ಚ್‌ವರೆಗೆ ಉಳಿದಿದ್ದು 54 ಮಾತ್ರ. ಅಂದರೆ ಮಂಜೂರಾದ ನೂರರಲ್ಲಿ ಏಳು.

ಯೋಜನೆಯ ಒಳಲೆಕ್ಕ ಹೀಗಿದೆ. ವಿಮಾನದ ಸುಮಾರು ಅರ್ಧದಷ್ಟು ಸೀಟುಗಳನ್ನು ಕಂಪನಿ ಮಿತಿ ಹಾಕಿದ ದರಕ್ಕೆ ಮಾರಬೇಕು. ಗಂಟೆಯ ಹಾರಾಟಕ್ಕೆ ಆರಂಭದಲ್ಲಿ ನಿಗದಿಯಾದದ್ದು ₹2,500. ಇದರಿಂದ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ. ಅದರಲ್ಲಿ ಬಹುತೇಕ ರಾಜ್ಯಗಳ ಪಾಲು ಶೇ 20. ಇಂಧನದ ಮೇಲಿನ ರಾಜ್ಯ ತೆರಿಗೆಯನ್ನು ಶೇ 1ಕ್ಕೆ ಇಳಿಸಬೇಕು. ನೆರವಿನ ಅವಧಿ ಮೂರು ವರ್ಷ. ಆ ಮೂರು ವರ್ಷದಲ್ಲಿ ಊರಿಗೆ ವಿಮಾನದ ರೂಢಿ ಬೀಳಬೇಕು ಎಂಬುದು ಆಶಯ. ಬೀಳದಿದ್ದರೆ ನಾಲ್ಕನೇ ವರ್ಷ ಟಿಕೆಟ್ ದರ ಏರುತ್ತದೆ, ಇಲ್ಲವೇ ವಿಮಾನ ಬೇರೆ ಊರಿಗೆ ಹೋಗುತ್ತದೆ.

ಉತ್ತರದ ಎದುರಾಳಿ ಸೊಲ್ಲಾಪುರ

ಇಂಡಿ, ಚಡಚಣ ಭಾಗದವರಿಗೆ ಆಸ್ಪತ್ರೆ, ಬಟ್ಟೆ ಪೇಟೆ ಎಂದರೆ ಮೊದಲಿಂದಲೂ ಸೊಲ್ಲಾಪುರ. ಗಡಿ ಮಹಾರಾಷ್ಟ್ರದ್ದಾದರೂ ಅಂಗಡಿ, ಪೇಟೆಯಲ್ಲಿ ಕನ್ನಡ ಸಲೀಸು. ಆ ಊರು ವಿಮಾನಕ್ಕಾಗಿ ಕೊಟ್ಟ ಬೆಲೆ ಸಣ್ಣದಲ್ಲ. ವಿಮಾನ ಇಳಿಯುವ ದಾರಿಗೆ ಅಡ್ಡವಾಗಿದ್ದ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಸುಮಾರು 90 ಮೀಟರ್ ಎತ್ತರದ ಚಿಮಣಿಯನ್ನು 2023ರ ಜೂನ್‌ನಲ್ಲಿ ಕೆಡವಲಾಯಿತು. ಕಬ್ಬು ಬೆಳೆಗಾರರ ವಿರೋಧ, ವರ್ಷಗಟ್ಟಲೆಯ ಜಗ್ಗಾಟ ಎಲ್ಲ ಆದ ಮೇಲೆ ನೆಲಕ್ಕುರುಳಿದ ಚಿಮಣಿ ಅದು. 2025ರ ಜೂನ್ 9ರಂದು ಫ್ಲೈ91 ಸಂಸ್ಥೆಯ ಗೋವಾ ವಿಮಾನ, ಅಕ್ಟೋಬರ್‌ನಲ್ಲಿ ಸ್ಟಾರ್ ಏರ್‌ನ ಮುಂಬೈ ವಿಮಾನ ಅಲ್ಲಿಂದ ಹಾರಿದವು.

ಕಲಬುರಗಿ ಮಾರ್ಗ ಬಿಟ್ಟ ತಿಂಗಳಲ್ಲೇ ಅದೇ ಸಂಸ್ಥೆ ಸೊಲ್ಲಾಪುರಕ್ಕೆ ಬಂದದ್ದನ್ನು ಇಂಡಿಯವರು ಗಮನಿಸಿದರೆ ತಪ್ಪಿಲ್ಲ. ಸಣ್ಣ ವಿಮಾನ ಸಂಸ್ಥೆಗಳ ಬಳಿ ಇರುವ ವಿಮಾನಗಳೇ ಬೆರಳೆಣಿಕೆ. ಯಾವ ಊರು ಸೀಟು ತುಂಬುತ್ತದೆ, ಯಾವ ಸರ್ಕಾರ ನೆರವಿನ ಮಾತು ಉಳಿಸಿಕೊಳ್ಳುತ್ತದೆ ಎಂದು ನೋಡಿ ಅವು ರೆಕ್ಕೆ ತಿರುಗಿಸುತ್ತವೆ. ಬುರಣಾಪುರದ ಸ್ಪರ್ಧೆ ಬಸ್ಸು, ರೈಲಿನ ಜತೆಗಷ್ಟೇ ಅಲ್ಲ. ಉತ್ತರಕ್ಕೆ ಸೊಲ್ಲಾಪುರ, ಪೂರ್ವಕ್ಕೆ ಕಲಬುರಗಿ, ಪಶ್ಚಿಮಕ್ಕೆ ಬೆಳಗಾವಿ, ದಕ್ಷಿಣಕ್ಕೆ ಹುಬ್ಬಳ್ಳಿ, ನಾಲ್ಕೂ ದಿಕ್ಕಿನಲ್ಲಿ ರನ್‌ವೇಗಳಿವೆ.

ನೂರಕ್ಕೆ ಒಬ್ಬರು

ಹಾಗಾದರೆ ಇಲ್ಲಿ ಸೀಟು ತುಂಬುತ್ತವೆಯೇ? ಕಾಗದ ಪೆನ್ಸಿಲ್ ಹಿಡಿದರೆ ಲೆಕ್ಕ ಹೆದರಿಸುವಂಥದ್ದಲ್ಲ. 70 ಸೀಟಿನ ವಿಮಾನ ದಿನಕ್ಕೊಮ್ಮೆ ಬಂದು ಹೋದರೆ 140 ಸೀಟು, ವರ್ಷಕ್ಕೆ 51,100. ನಾಲ್ಕರಲ್ಲಿ ಮೂರು ಸೀಟು ತುಂಬಿದರೆ ಸುಮಾರು 38,000 ಪ್ರಯಾಣ. ಹೋದವರು ಮರಳಿ ಬರುತ್ತಾರೆ; ಅಂದರೆ ಸುಮಾರು 19,000 ಮಂದಿ ವರ್ಷಕ್ಕೊಮ್ಮೆ ಹೋಗಿ ಬಂದರೆ ಸಾಕು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 21,77,331. ನೂರು ಜನರಲ್ಲಿ ಒಬ್ಬರು ವರ್ಷಕ್ಕೊಮ್ಮೆ ಹೋಗಿ ಬಂದರೂ ಈ ಲೆಕ್ಕ ತುಂಬಿ ಮಿಗುತ್ತದೆ.

180 ಸೀಟಿನ ಎ-320ಗೆ ಇದೇ ಲೆಕ್ಕ ಹಾಕಿದರೆ 49,000 ಮಂದಿ ಬೇಕು. ದೊಡ್ಡ ರನ್‌ವೇ ಇದ್ದ ಮಾತ್ರಕ್ಕೆ ದೊಡ್ಡ ವಿಮಾನದಿಂದ ಶುರು ಮಾಡಬೇಕಿಲ್ಲ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಗೊಂಡ ಶಿವಮೊಗ್ಗದ ರನ್‌ವೇ 3.2 ಕಿಲೋಮೀಟರ್ ಉದ್ದದ್ದು. ಅಲ್ಲಿಗೆ ಆಗಸ್ಟ್ 31ರಂದು ಬಂದಿಳಿದ ಇಂಡಿಗೊದ ಮೊದಲ ವಿಮಾನ ಎಟಿಆರ್.

ಆದರೆ ಆ ನೂರಕ್ಕೊಬ್ಬರು ಒಂದೇ ಕಡೆ ಇಲ್ಲ. ನಗರದಿಂದ ಇಂಡಿ 55 ಕಿಲೋಮೀಟರ್ ಆಸುಪಾಸು, ಸಿಂದಗಿ 60, ಬಸವನ ಬಾಗೇವಾಡಿ 45, ಮುದ್ದೇಬಿಹಾಳ 80. ನಾಲ್ಕೂ ಕಡೆಯವರ ಅಗತ್ಯ ಬೇರೆ ಬೇರೆ.

ಇಂಡಿ ಎಂದರೆ ಲಿಂಬೆ. ಭೌಗೋಳಿಕ ಸೂಚ್ಯಂಕ ಮಾನ್ಯತೆ ಪಡೆದ ಇಂಡಿ ಲಿಂಬೆ 2025ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ಗೂ ಹೋಗಿದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಲ್ಲೇ. ಹಣ್ಣು ಲಾರಿಯಲ್ಲೇ ಹೋಗಲಿ. ಖರೀದಿದಾರರನ್ನು ಕಾಣಲು ಬೆಳೆಗಾರ ಹೋಗಬೇಕಾದದ್ದು ಮುಂಬೈ, ದೆಹಲಿ ಕಡೆಗೆ. ಸಿಂದಗಿ ಕಲಬುರಗಿ ಹೆದ್ದಾರಿಯ ಮೇಲಿದೆ. ಯಾವ ಊರಿನ ವಿಮಾನದ ವೇಳೆ ಸರಿಹೊಂದುತ್ತದೋ ಅತ್ತ ಬಸ್ಸು ಹತ್ತುವ ಆಯ್ಕೆ ಸಿಂದಗಿಯವರಿಗಿದೆ. ಮುದ್ದೇಬಿಹಾಳ ಪೇಟೆಗೆ ರೈಲೇ ಇಲ್ಲ. ಆಲಮಟ್ಟಿಗೆ ಹೋಗಿ ಹಿಡಿಯಬೇಕು. ಬಸವನ ಬಾಗೇವಾಡಿ ಭಾಗಕ್ಕೆ ಯಾತ್ರಿಕರು ಬರುತ್ತಾರೆ. ಬಸವಣ್ಣನವರ ಸ್ಮಾರಕ, ಆಲಮಟ್ಟಿ ಜಲಾಶಯ, ಅಲ್ಲಿಂದ ಕೂಡಲಸಂಗಮ. ಹತ್ತಿರದಲ್ಲೇ ಕೂಡಗಿಯ 2,400 ಮೆಗಾವಾಟ್ ಎನ್‌ಟಿಪಿಸಿ ಸ್ಥಾವರವಿದೆ. ದೇಶದ ನಾನಾ ಕಡೆಯಿಂದ ಬಂದ ಎಂಜಿನಿಯರುಗಳು, ರಜೆಗೆ ಊರಿಗೆ ಹೊರಡುವ ಅವರ ಕುಟುಂಬಗಳು, ವರ್ಷವಿಡೀ ಸೀಟು ಕೇಳುವವರು ಇಂಥವರೇ.

ಹಗಲಿನ ಬೆಲೆ

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ವೇಳಾಪಟ್ಟಿಯ ಮೇಲೆ. ರಾತ್ರಿ ಬಸ್ಸಿನ ದೊಡ್ಡ ಗುಣ ಅದು ಹಗಲನ್ನು ತಿನ್ನುವುದಿಲ್ಲ ಎಂಬುದು. ಮಲಗಿ ಎದ್ದರೆ ಬೆಂಗಳೂರು, ಕೆಲಸ ಮುಗಿಸಿ ಮತ್ತೆ ಮಲಗಿದರೆ ಊರು. ಮಧ್ಯಾಹ್ನ ಒಂದು ಗಂಟೆಗೆ ಹಾರುವ ವಿಮಾನ ಒಂದೂಕಾಲು ಗಂಟೆಯಲ್ಲಿ ತಲುಪಿಸಿದರೂ ಮುದ್ದೇಬಿಹಾಳದವನ ಒಂದು ಇಡೀ ದಿನ ತೆಗೆದುಕೊಳ್ಳುತ್ತದೆ. ಮನೆಯಿಂದ ಬುರಣಾಪುರಕ್ಕೆ ಎರಡು ಗಂಟೆ, ನಿಲ್ದಾಣದಲ್ಲಿ ಒಂದು ಗಂಟೆ, ಹಾರಾಟ, ದೇವನಹಳ್ಳಿಯಿಂದ ಬೆಂಗಳೂರಿನ ಒಳಗೆ ಇನ್ನೊಂದೂವರೆ ಗಂಟೆ. ಅಷ್ಟರಲ್ಲಿ ಕಚೇರಿ ಮುಚ್ಚುವ ಹೊತ್ತು ಹತ್ತಿರವಾಗಿರುತ್ತದೆ. ಲಾಡ್ಜ್ ಖರ್ಚು ಬೇರೆ.

ಬೆಳಿಗ್ಗೆ ಏಳಕ್ಕೆ ಹೋಗಿ ರಾತ್ರಿ ಮರಳುವ ವಿಮಾನವಿದ್ದರೆ ಲೆಕ್ಕವೇ ಬದಲಾಗುತ್ತದೆ. ವಿಧಾನಸೌಧದ ಫೈಲು, ಆಸ್ಪತ್ರೆಯ ತಪಾಸಣೆ, ಯಾವುದೇ ಆದರೂ ಒಂದೇ ದಿನದಲ್ಲಿ ಮುಗಿಸಿ ಮನೆಯಲ್ಲಿ ಮಲಗಬಹುದು. ಕತ್ತಲಾದ ಮೇಲೆ ವಿಮಾನ ಇಳಿಯುವ ಸೌಲಭ್ಯ ಇಲ್ಲದ ನಿಲ್ದಾಣಗಳಿಗೆ ಈ ಅವಕಾಶವೇ ಇರುವುದಿಲ್ಲ. ಬುರಣಾಪುರದ ಯೋಜನೆಯಲ್ಲಿ ಆ ದೀಪಗಳು ಸೇರಿರುವುದು ರನ್‌ವೇಯ ಉದ್ದಕ್ಕಿಂತ ದೊಡ್ಡ ಆಸ್ತಿ. ಆ ದೀಪಗಳಿಗೆ ತಕ್ಕ ವೇಳೆಯನ್ನು ವಿಮಾನ ಸಂಸ್ಥೆಯಿಂದ ಪಡೆಯುವುದು ಜಿಲ್ಲೆಯ ಜನಪ್ರತಿನಿಧಿಗಳ ಕೆಲಸ.

ಇನ್ನೊಂದು ಕೆಲಸ ಕಲ್ಯಾಣ ಕರ್ನಾಟಕ ಸಾರಿಗೆಯದ್ದು. ಬೆಳಿಗ್ಗೆ ಏಳರ ವಿಮಾನಕ್ಕೆ ಆರಕ್ಕೆ ನಿಲ್ದಾಣದಲ್ಲಿರಬೇಕು. ಅಂದರೆ ಮುದ್ದೇಬಿಹಾಳದ ಬಸ್ ನಿಲ್ದಾಣದಿಂದ ನಾಲ್ಕಕ್ಕೆ, ಸಿಂದಗಿಯಿಂದ ನಾಲ್ಕೂವರೆಗೆ, ಇಂಡಿ ಮತ್ತು ಬಾಗೇವಾಡಿಯಿಂದ ಐದರ ಒಳಗೆ ಒಂದೊಂದು ಬಸ್ಸು ಬಿಡಬೇಕು. ರಾತ್ರಿಯ ವಿಮಾನ ತಡವಾದರೂ ಆ ಬಸ್ಸುಗಳು ಕಾಯಬೇಕು. ಟ್ಯಾಕ್ಸಿಗೆ ಸಾವಿರಾರು ರೂಪಾಯಿ ಕೊಟ್ಟು ಮಿತಿ ದರದ ಟಿಕೆಟ್ ಹಿಡಿಯಿರಿ ಎಂದರೆ ನೂರಕ್ಕೊಬ್ಬರ ಲೆಕ್ಕ ಅಲ್ಲೇ ಮುರಿಯುತ್ತದೆ. ನಾಲ್ಕು ಊರು, ನಾಲ್ಕು ಬಸ್ಸು, ಹಣೆಯ ಮೇಲೆ ‘ಬುರಣಾಪುರ ವಿಮಾನ ನಿಲ್ದಾಣ’ ಎಂಬ ಬೋರ್ಡು. ಮೊದಲ ವಿಮಾನದ ದಿನಾಂಕ ಗೊತ್ತಾಗುವ ಮೊದಲೇ ಬರೆಸಿಡಬಹುದಾದ ಬೋರ್ಡು ಅದು.