ಅಂಗನವಾಡಿ ಟೀಚರ್‌ಗೆ ಪಾಠ ಹೇಳೋರು ಯಾರು? ಪೌಷ್ಟಿಕ ಶಿಕ್ಷಣದ ಸಂಶೋಧನೆ ಹೇಳ್ತಿರೋದೇನು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ವಿಷಯ ಊಟ. ಆದ್ರೆ ಏನು ತಿನ್ನಬೇಕು, ಏನು ಬಿಡಬೇಕು ಅನ್ನೋ ಪಟ್ಟಿ ನಾನು ಕೊಡಲ್ಲ. ನಾನು ಬಿ.ಕಾಂ ಓದಿದವನು, ಡಯಟಿಷಿಯನ್ ಅಲ್ಲ. ನನಗಿರೋ ಪ್ರಶ್ನೆ ಬೇರೆ. ಊಟದ ಬಗ್ಗೆ ನಮಗೆ ಹೇಳಿಕೊಡೋರಿಗೆ ಯಾರು ಹೇಳಿಕೊಡ್ತಾರೆ? ಹೇಗೆ ಹೇಳಿಕೊಡ್ತಾರೆ?

ಈ ಪ್ರಶ್ನೆ ಹುಟ್ಟಿದ್ದು ನಮ್ಮ ಅಕ್ಕನ ಮನೆಯಲ್ಲಿ. ಅಕ್ಕನನ್ನ ಕೊಟ್ಟಿರೋದು ತುಮಕೂರು ಕಡೆ ಒಂದು ಹಳ್ಳಿಗೆ. ಅವಳ ಮಗುಗೆ ಒಂಬತ್ತು ತಿಂಗಳಿದ್ದಾಗ ತೂಕ ಕಮ್ಮಿ ಇದೆ ಅಂತ ಗೊತ್ತಾಯ್ತು. ಅಂಗನವಾಡಿ ಟೀಚರ್ ಮನೆಗೆ ಬಂದ್ರು. "ಪೌಷ್ಟಿಕ ಆಹಾರ ಕೊಡಬೇಕಮ್ಮ. ಸೊಪ್ಪು, ಕಾಳು, ಹಾಲು, ಮೊಟ್ಟೆ, ಹಣ್ಣು" ಅಂದ್ರು. ಅಕ್ಕ "ಕೊಡ್ತಾನೇ ಇದ್ದೀನಲ್ಲ ಟೀಚರ್" ಅಂದ್ಲು. ರಿಜಿಸ್ಟರ್‌ಗೆ ಸಹಿ ಹಾಕಿದ್ಲು, ಮುಗೀತು.

ಎರಡು ತಿಂಗಳು ಬಿಟ್ಟು ಅದೇ ಟೀಚರ್ ಮತ್ತೆ ಬಂದ್ರು. ಆವತ್ತು ನಾನೂ ಅಲ್ಲೇ ಇದ್ದೆ. ಈ ಸಲ ಅವರು ಏನೂ ಹೇಳಲೇ ಇಲ್ಲ, ಕೇಳಿದ್ರು. "ನಿನ್ನೆ ಬೆಳಗ್ಗೆ ಎದ್ದಾಗಿಂದ ಪಾಪು ಏನೇನು ತಿಂತು? ಒಂದೊಂದಾಗಿ ಹೇಳಮ್ಮ, ನೋಡೋಣ."

ಅಕ್ಕ ಹೇಳ್ತಾ ಹೋದ್ಲು. ಬೆಳಗ್ಗೆ ರಾಗಿ ಸರಿ, ಅದೂ ಲೋಟದಲ್ಲಿ ಕುಡಿಸೋ ಅಷ್ಟು ನೀರಾಗಿ. ಮಧ್ಯಾಹ್ನ ಅನ್ನಕ್ಕೆ ಸಾರಿನ ತಿಳಿ. ಸಂಜೆ ಅವಳ ಅತ್ತೆ ಪ್ರೀತಿಯಿಂದ ಟೀನಲ್ಲಿ ಅದ್ದಿ ಕೊಡೋ ಬಿಸ್ಕತ್ತು. ರಾತ್ರಿ ಮತ್ತೆ ಅನ್ನ, ತಿಳಿ. ಮಗುವಿನ ಹೊಟ್ಟೆ ತುಂಬ್ತಿತ್ತು ನಿಜ. ಆದ್ರೆ ತುಂಬ್ತಿದ್ದದ್ದು ಹೆಚ್ಚಾಗಿ ನೀರು.

ಟೀಚರ್ ಬೈಯಲಿಲ್ಲ. "ಸರಿ ಕೊಡ್ತಿರೋದು ಒಳ್ಳೇದು, ನಿಲ್ಲಿಸಬೇಡ. ಸ್ವಲ್ಪ ಗಟ್ಟಿ ಮಾಡು. ಚಮಚ ಓರೆ ಮಾಡಿದ್ರೆ ಸುರಿದು ಹೋಗಬಾರದು, ಅಷ್ಟೇ. ತಿಳಿ ಬದಲು ತಳದಲ್ಲಿರೋ ಬೇಳೆ ಹಿಸುಕಿ ಹಾಕು" ಅಂದ್ರು. ಆಮೇಲೆ ಅತ್ತೆ ಕಡೆ ತಿರುಗಿ, "ಅಜ್ಜಿ, ಟೀ ಬಿಸ್ಕತ್ತಿನ ಬದಲು ನಿಮ್ಮ ಕೈಯಾರೆ ಬಾಳೆಹಣ್ಣು ಹಿಸುಕಿ ತಿನ್ನಿಸ್ತೀರಾ?" ಅಂತ ಕೇಳಿದ್ರು. ಅಜ್ಜಿ ಖುಷಿಯಾಗಿ ಒಪ್ಪಿಕೊಂಡ್ರು.

ಅದೇ ಟೀಚರ್, ಅದೇ ಮನೆ. ಎರಡು ತಿಂಗಳಲ್ಲಿ ಬದಲಾಗಿದ್ದೇನು? ಹೊರಡುವಾಗ ಕೇಳಿದೆ. "ಈ ಸಲ ಟ್ರೈನಿಂಗ್‌ನಲ್ಲಿ ಭಾಷಣ ಇರಲಿಲ್ಲಪ್ಪ. ಒಬ್ಬರು ತಾಯಿ, ಒಬ್ಬರು ಟೀಚರ್ ಅಂತ ಮಾಡಿ ಮಾತಾಡಿಸಿದ್ರು. ತಪ್ಪಾದ್ರೆ ಮತ್ತೆ ಮಾಡಿಸಿದ್ರು" ಅಂದ್ರು.

ಇವತ್ತಿನ ಇಡೀ ಸಂಚಿಕೆ ಈ ಒಂದು ಮಾತಿನ ಸುತ್ತ.

ಮೊದಲು ಲೆಕ್ಕ ನೋಡೋಣ

2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ರಕ್ತಹೀನತೆ ಇರೋರು ಶೇ. 65.5. ಅಂದ್ರೆ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರು.

ಇನ್ನೊಂದು ಅಂಕಿ ಇಡೀ ದೇಶದ್ದು. ಆರರಿಂದ 23 ತಿಂಗಳ ಮಕ್ಕಳಲ್ಲಿ, ಸಾಕಷ್ಟು ಸಲ ಮತ್ತು ಸಾಕಷ್ಟು ಬಗೆಯ ಆಹಾರ ಸಿಗ್ತಿರೋದು ಬರೀ ಶೇ. 11.3 ಮಕ್ಕಳಿಗೆ.

ಇದಕ್ಕೆ ಬಡತನ ಕಾರಣ ಅಲ್ವಾ ಅಂತ ನೀವು ಕೇಳಬಹುದು. ಖಂಡಿತ ಕಾರಣ. ಕುಡಿಯೋ ನೀರು, ಶೌಚಾಲಯ, ತಾಯಿಯ ಆರೋಗ್ಯ, ಎಲ್ಲವೂ ಕಾರಣವೇ. ಮನೆಯಲ್ಲಿ ಕಾಳಿಲ್ಲದೆ ಕಾಳು ತಿನ್ನಿಸಿ ಅನ್ನೋ ಪಾಠದಿಂದ ಏನೂ ಆಗಲ್ಲ. ಆದ್ರೆ ಅಕ್ಕನ ಮನೆ ಪಾತ್ರೆಯ ತಳದಲ್ಲಿ ಬೇಳೆ ಇತ್ತು. ಅದು ಮಗುವಿನ ತಟ್ಟೆಗೆ ಬರ್ತಿರಲಿಲ್ಲ. ಪೌಷ್ಟಿಕ ಶಿಕ್ಷಣ ಕೆಲಸ ಮಾಡಬಹುದಾದ ಜಾಗ ಅದು.

ಪಾಠ ಕೆಳಗೆ ಬರೋವಷ್ಟರಲ್ಲಿ

ನಮ್ಮ ದೇಶದಲ್ಲಿ ಐಸಿಡಿಎಸ್ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಬಂದಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ, 100 ಅಂಗನವಾಡಿಗಳ ಜೊತೆ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಐಸಿಡಿಎಸ್‌ನ ಆರು ಸೇವೆಗಳಲ್ಲಿ ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣವೂ ಒಂದು. ನಾವು ಅಂಗನವಾಡಿ ಅಂದ್ರೆ ಊಟ, ಮೊಟ್ಟೆ, ಆಟ ಅಂದುಕೊಳ್ತೀವಿ. ತಾಯಂದಿರಿಗೆ ಹೇಳಿಕೊಡೋದೂ ಆ ಕೆಲಸದ ಭಾಗ.

ಈ ಕಾರ್ಯಕರ್ತೆಯರಿಗೆ ತರಬೇತಿ ಹೇಗೆ ಸಿಗುತ್ತೆ? ಬಹುತೇಕ ಮೇಲಿಂದ ಕೆಳಕ್ಕೆ. ರಾಜ್ಯದಲ್ಲಿ ಕೆಲವರಿಗೆ, ಅವರಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ, ಅಲ್ಲಿಂದ ವೃತ್ತದ ಮೇಲ್ವಿಚಾರಕಿಗೆ, ಕೊನೆಗೆ ಕಾರ್ಯಕರ್ತೆಗೆ. ಕಾಮರ್ಸ್ ಓದಿದೋರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಸರಕು ಡಿಸ್ಟ್ರಿಬ್ಯೂಟರ್, ಹೋಲ್‌ಸೇಲ್, ರೀಟೇಲ್ ಅಂತ ಇಳಿಯುವಾಗ ಪ್ರತಿ ಹಂತದಲ್ಲೂ ಒಂದಿಷ್ಟು ಮಾರ್ಜಿನ್ ಹೋಗುತ್ತೆ. ತರಬೇತಿಯಲ್ಲಿ ಹೋಗೋದು ಅರ್ಥ. ಮೇಲೆ "ತಾಯಿ ಜೊತೆ ಮಾತಾಡಿ ಅಡ್ಡಿ ಏನು ಅಂತ ತಿಳಿದುಕೊಳ್ಳಿ" ಅಂತ ಇದ್ದದ್ದು, ಕೆಳಗೆ ಬರೋವಷ್ಟರಲ್ಲಿ "ತಾಯಿಗೆ ಐದು ವಿಷಯ ತಿಳಿಸಿ, ಸಹಿ ತಗೊಳ್ಳಿ" ಅಂತ ಆಗಿರುತ್ತೆ.

ಇದು ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. 2018ರ ಮಾರ್ಚ್ 8ರಂದು ಶುರುವಾದ ಪೋಷಣ್ ಅಭಿಯಾನದಲ್ಲಿ ಒಂದು ಒಳ್ಳೇ ಯೋಚನೆ ಇತ್ತು. ಒಂದೇ ಸಲ ಎಲ್ಲವನ್ನೂ ತುಂಬೋ ಬದಲು, ಪಾಠವನ್ನ 21 ಸಣ್ಣ ಘಟಕಗಳಾಗಿ ಒಡೆದು, ಸಭೆಯಲ್ಲಿ ಒಂದನ್ನ ಕಲಿತು, ಮನೆ ಭೇಟಿಯಲ್ಲಿ ಮಾಡಿ ನೋಡಿ, ಮುಂದಿನ ಸಭೆಗೆ ಬರೋದು. ಕಲಿಕೆ ಮತ್ತು ಕೆಲಸ ಜೊತೆಜೊತೆಗೆ. 2023ರ ಮೇ 10ರಂದು ಬಂದ 'ಪೋಷಣ್ ಭೀ, ಪಢಾಯಿ ಭೀ' ಕಾರ್ಯಕ್ರಮದಲ್ಲಿ ಕಾರ್ಯಕರ್ತೆಯರಿಗೆ ಮೂರು ದಿನದ ತರಬೇತಿ ಇದೆ. ಪೌಷ್ಟಿಕತೆ ಜೊತೆ ಚಿಕ್ಕ ಮಕ್ಕಳ ಕಲಿಕೆಯೂ ಅದರಲ್ಲಿ ಸೇರಿದೆ. ಮೂರು ದಿನದ್ದಾಗಲಿ, ತಿಂಗಳಿಗೊಮ್ಮೆಯದ್ದಾಗಲಿ, ಆ ಹೊತ್ತಿನಲ್ಲಿ ಕಾರ್ಯಕರ್ತೆ ಕೂತು ಕೇಳ್ತಾಳಾ ಅಥವಾ ಎದ್ದು ಮಾಡಿ ನೋಡ್ತಾಳಾ ಅನ್ನೋದು ಮುಖ್ಯ.

60 ಹಳ್ಳಿಗಳ ಪ್ರಯೋಗ

ಹೇಳೋ ರೀತಿಯಿಂದ ನಿಜವಾಗ್ಲೂ ವ್ಯತ್ಯಾಸ ಆಗುತ್ತಾ? ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಹನಾಜ್ ವಜೀರ್ ಮತ್ತು ಅವರ ಜೊತೆಗಾರರು ಆಗಿನ ಆಂಧ್ರಪ್ರದೇಶದಲ್ಲಿ ಇದನ್ನ ಪರೀಕ್ಷೆ ಮಾಡಿದ್ರು. ಫಲಿತಾಂಶ 2013ರಲ್ಲಿ ಪ್ರಕಟವಾಯ್ತು. 60 ಹಳ್ಳಿ, 600 ತಾಯಿ-ಮಗು ಜೋಡಿ. ಹಳ್ಳಿಗಳನ್ನ ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದ್ರು. ಹೀಗೆ ಮಾಡಿದ್ರೆ ಮೂರೂ ಗುಂಪು ಶುರುವಿನಲ್ಲಿ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಕೊನೆಗೆ ಕಾಣೋ ವ್ಯತ್ಯಾಸಕ್ಕೆ ಪ್ರಯೋಗವೇ ಕಾರಣ ಅಂತ ಹೇಳಬಹುದು.

ಮೊದಲ ಗುಂಪಿಗೆ ಎಂದಿನ ಅಂಗನವಾಡಿ ಸೇವೆ ಮಾತ್ರ. ಎರಡನೇ ಗುಂಪಿಗೆ ಅದರ ಜೊತೆ, ತರಬೇತಿ ಪಡೆದ ಹಳ್ಳಿಯ ಹೆಂಗಸರೇ ಮನೆಗೆ ಬಂದು ಮಗುವಿನ ಆಹಾರದ ಬಗ್ಗೆ 11 ವಿಷಯ ಹೇಳಿಕೊಟ್ರು. ಮೂರನೇ ಗುಂಪಿಗೆ ಇದಷ್ಟೂ ಇತ್ತು. ಜೊತೆಗೆ ಮಗುವಿನ ಹಸಿವಿನ ಸೂಚನೆ ನೋಡಿ, ಒತ್ತಾಯ ಮಾಡದೆ, ಮಾತಾಡಿಸ್ತಾ ತಿನ್ನಿಸೋದು ಹೇಗೆ, ಐದು ಸರಳ ಆಟಿಕೆಗಳಿಂದ ಆಡಿಸೋದು ಹೇಗೆ ಅನ್ನೋದನ್ನೂ ಕಲಿಸಿದ್ರು. ಮಗುಗೆ ಮೂರು ತಿಂಗಳಿದ್ದಾಗಿಂದ 15 ತಿಂಗಳ ತನಕ ಇದು ನಡೀತು.

ಎರಡನೇ ಮತ್ತು ಮೂರನೇ ಗುಂಪಿನ ಮಕ್ಕಳು ತಿನ್ನೋ ಊಟದಲ್ಲಿ ಶಕ್ತಿ, ಪ್ರೋಟೀನ್, ವಿಟಮಿನ್ ಎ, ಕಬ್ಬಿಣ, ಸತು ಎಲ್ಲವೂ ಮೊದಲ ಗುಂಪಿಗಿಂತ ಹೆಚ್ಚಿತ್ತು. ಎತ್ತರದಲ್ಲಿ ಸಣ್ಣ ಸುಧಾರಣೆ ಕಂಡಿದ್ದು ಎರಡನೇ ಗುಂಪಿನಲ್ಲಿ ಮಾತ್ರ. ಮಾನಸಿಕ ಬೆಳವಣಿಗೆಯ ಅಂಕ ಸುಧಾರಿಸಿದ್ದು ಮೂರನೇ ಗುಂಪಿನಲ್ಲಿ ಮಾತ್ರ.

ಇದರಲ್ಲಿ ಯಾವ ಪವಾಡವೂ ಇಲ್ಲ. ಶಿಕ್ಷಣದಿಂದ ತಟ್ಟೆ ಬದಲಾಯ್ತು, ಎತ್ತರ ಅಷ್ಟು ಸುಲಭಕ್ಕೆ ಬದಲಾಗಲಿಲ್ಲ. ಆದ್ರೆ ಪಾಠ ಮಾಡಿದವರು ದೊಡ್ಡ ಡಿಗ್ರಿ ಇದ್ದವರಲ್ಲ. ಹಳ್ಳಿಯ ಹೆಂಗಸರು, ಸರಿಯಾಗಿ ತಯಾರಾದವರು, ಮತ್ತೆ ಮತ್ತೆ ಅದೇ ಮನೆಗೆ ಹೋದವರು.

ಕೇಳೋದನ್ನ ಕಲಿಯೋದು

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ರೂಪಿಸಿದ ಶಿಶು ಆಹಾರ ಸಲಹೆಯ ತರಬೇತಿಯಲ್ಲಿ, ಆಹಾರದ ವಿಷಯದಷ್ಟೇ ಮುಖ್ಯವಾಗಿ ಮಾತಾಡೋ ಕೌಶಲ ಕಲಿಸ್ತಾರೆ. "ಮಗುಗೆ ಸೊಪ್ಪು ಕೊಡ್ತೀರಾ?" ಅಂದ್ರೆ ಉತ್ತರ ಹೌದು ಅಂತ ಸಿಗುತ್ತೆ, ಮಾತು ಅಲ್ಲಿಗೇ ನಿಲ್ಲುತ್ತೆ. "ನಿನ್ನೆ ಏನೇನು ತಿಂತು?" ಅಂದ್ರೆ ಒಂದು ದಿನದ ಕಥೆ ಸಿಗುತ್ತೆ. ತಾಯಿ ಸರಿಯಾಗಿ ಮಾಡ್ತಿರೋದನ್ನ ಮೊದಲು ಗುರುತಿಸಬೇಕು. ತಪ್ಪು, ಸಾಲದು ಅನ್ನೋ ಮಾತು ಬೇಡ. ಕೊನೆಗೆ ಹತ್ತು ಸಲಹೆ ಅಲ್ಲ, ಅವಳು ನಾಳೆನೇ ಮಾಡಬಹುದಾದ ಒಂದೋ ಎರಡೋ.

ಅಕ್ಕನ ಮನೆಯಲ್ಲಿ ಆ ಟೀಚರ್ ಮಾಡಿದ್ದು ಇದನ್ನೇ ಅಲ್ವಾ? ಇದು ಪುಸ್ತಕ ಓದಿ ಬರಲ್ಲ. ಸೈಕಲ್ ಹೊಡೆಯೋದು ಕಲಿತ ಹಾಗೆ, ಮಾಡಿ ಮಾಡಿಯೇ ಬರಬೇಕು.

ಪಾಠವೂ ಹಳೇದಾಗುತ್ತೆ

ಇನ್ನೊಂದು ಕಾರಣಕ್ಕೂ ತರಬೇತಿ ಒಂದೇ ಸಲಕ್ಕೆ ಮುಗಿಯಲ್ಲ. ವಿಜ್ಞಾನ ಬದಲಾಗ್ತಾ ಇರುತ್ತೆ. ಈಗ ಆರರಿಂದ 23 ತಿಂಗಳ ಮಗುವಿನ ಆಹಾರವನ್ನ ಎಂಟು ಗುಂಪಾಗಿ ನೋಡ್ತಾರೆ: ಎದೆಹಾಲು, ಧಾನ್ಯ-ಗೆಡ್ಡೆ, ಬೇಳೆಕಾಳು-ಬೀಜ, ಹಾಲು-ಮೊಸರು, ಮಾಂಸ-ಮೀನು, ಮೊಟ್ಟೆ, ವಿಟಮಿನ್ ಎ ಹೆಚ್ಚಿರೋ ಹಣ್ಣು-ತರಕಾರಿ, ಇತರ ಹಣ್ಣು-ತರಕಾರಿ. ದಿನಕ್ಕೆ ಇದರಲ್ಲಿ ಕನಿಷ್ಠ ಐದು ಇರಬೇಕು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವಯಸ್ಸಿನ ಮಕ್ಕಳ ಆಹಾರಕ್ಕೆ ಹೊಸ ಮಾರ್ಗಸೂಚಿ ಕೊಟ್ಟಿತು. ಸಿಹಿ ಪಾನೀಯ ಬೇಡ, ಮಗುವಿಗೆ ಸ್ಪಂದಿಸ್ತಾ ತಿನ್ನಿಸಿ ಅನ್ನೋದು ಅದರಲ್ಲಿ ಸ್ಪಷ್ಟವಾಗಿದೆ. 2024ರ ಮೇ ತಿಂಗಳಲ್ಲಿ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ, 2011ರ ನಂತರ ಮೊದಲ ಸಲ, ಭಾರತೀಯರ ಆಹಾರ ಮಾರ್ಗಸೂಚಿಯನ್ನ ಪರಿಷ್ಕರಿಸಿತು. 17 ಸೂಚನೆಗಳಿವೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಟೀ-ಕಾಫಿ ಬೇಡ ಅನ್ನೋದೂ ಇದೆ. ಟೀಯಲ್ಲಿರೋ ಟ್ಯಾನಿನ್ ಊಟದ ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ತಡೆಯುತ್ತೆ. ತಿಂಡಿ ಆದ ಕೂಡಲೇ ಕಾಫಿ ಕುಡಿಯೋ ನಮ್ಮ ರಾಜ್ಯಕ್ಕೆ ಇದು ಸಣ್ಣ ಮಾತಲ್ಲ.

ಟೈಮ್ ಎಲ್ಲಿದೆ?

ಸರಿ, ತರಬೇತಿ ಚೆನ್ನಾಗೇ ಆಯ್ತು ಅಂದುಕೊಳ್ಳಿ. ಇಪ್ಪತ್ತು ನಿಮಿಷ ಕೂತು ಕೇಳೋಕೆ ಟೈಮ್ ಬೇಕಲ್ವಾ? ಒಬ್ಬ ಕಾರ್ಯಕರ್ತೆ ಮಕ್ಕಳಿಗೆ ಪಾಠ ಹೇಳಬೇಕು, ತೂಕ ನೋಡಬೇಕು, ಆಹಾರ ಹಂಚಬೇಕು, ಸಮೀಕ್ಷೆ ಮಾಡಬೇಕು, ಪೋಷಣ್ ಟ್ರ್ಯಾಕರ್ ಆಪ್‌ಗೆ ಮಾಹಿತಿ ಹಾಕಬೇಕು. ಸಿಗ್ನಲ್ ಸಿಗದಿದ್ರೆ ಅದಕ್ಕೇ ಅರ್ಧ ಮಧ್ಯಾಹ್ನ ಹೋಗುತ್ತೆ.

ತಮಿಳುನಾಡಿನಲ್ಲಿ ಗನಿಮಿಯನ್, ಮುರಳೀಧರನ್ ಮತ್ತು ವಾಲ್ಟರ್ಸ್ ಅನ್ನೋ ಮೂವರು ಸಂಶೋಧಕರು ಈ ಟೈಮಿನ ಪ್ರಶ್ನೆಯನ್ನೇ ಹಿಡಿದ್ರು. 320 ಅಂಗನವಾಡಿಗಳನ್ನ ಅಧ್ಯಯನಕ್ಕೆ ತಗೊಂಡು, ಅವುಗಳಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದ ಕೇಂದ್ರಗಳಿಗೆ ಅರ್ಧ ದಿನ ಕೆಲಸ ಮಾಡೋ ಒಬ್ಬ ಹೆಚ್ಚುವರಿ ಸಿಬ್ಬಂದಿ ಕೊಟ್ರು. ಹೊಸಬರು ಮಕ್ಕಳ ಪಾಠ ನೋಡಿಕೊಂಡ್ರು, ಹಳಬರಿಗೆ ಆರೋಗ್ಯ ಮತ್ತು ಪೌಷ್ಟಿಕತೆಗೆ ಸಮಯ ಸಿಕ್ತು. 18 ತಿಂಗಳ ನಂತರ ಮಕ್ಕಳ ಕಲಿಕೆ ಸುಧಾರಿಸಿತ್ತು, ವಯಸ್ಸಿಗೆ ತಕ್ಕ ಎತ್ತರ ಇಲ್ಲದ ಮಕ್ಕಳು ಮತ್ತು ತೀವ್ರ ಅಪೌಷ್ಟಿಕತೆ ಎರಡೂ ಕಡಿಮೆಯಾಗಿದ್ವು. ಕಲಿಕೆಯಿಂದ ಮುಂದೆ ಬರೋ ಗಳಿಕೆ ಲೆಕ್ಕ ಹಾಕಿದ್ರೆ, ಲಾಭ ಖರ್ಚಿನ 13ರಿಂದ 21 ಪಟ್ಟು ಅಂತ ಅವರ ಅಂದಾಜು. ಇಂಥ ರಿಟರ್ನ್ ಕೊಡೋ ಹೂಡಿಕೆ ನಾನು ಯಾವ ಬ್ಯಾಲೆನ್ಸ್ ಶೀಟ್‌ನಲ್ಲೂ ನೋಡಿಲ್ಲ.

ಅದಕ್ಕೇ ನನಗನ್ನಿಸೋದು ಇಷ್ಟು. ಎಷ್ಟು ಜನರಿಗೆ ತರಬೇತಿ ಆಯ್ತು ಅನ್ನೋದು ಖರ್ಚಿನ ಲೆಕ್ಕ. ತರಬೇತಿ ಆದ್ಮೇಲೆ ಮನೆ ಭೇಟಿಯಲ್ಲಿ ಮಾತು ಬದಲಾಯ್ತಾ, ಆ ಮಾತಿಗೆ ಸಮಯ ಇತ್ತಾ ಅನ್ನೋದು ಆದಾಯದ ಲೆಕ್ಕ. ನಾವು ಮೊದಲನೇದನ್ನ ಮಾತ್ರ ಬರೆದಿಡ್ತಿದ್ದೀವಿ.

ನಿಮ್ಮ ಮನೆಗೆ ಅಂಗನವಾಡಿ ಟೀಚರ್ ಬಂದ್ರೆ, ಬಾಗಿಲಲ್ಲೇ ಸಹಿ ಹಾಕಿ ಕಳಿಸಬೇಡಿ. ಒಳಗೆ ಕರೀರಿ, ಕೂರಿಸಿ, ನಿನ್ನೆ ಮಗು ತಿಂದಿದ್ದನ್ನ ಇದ್ದ ಹಾಗೇ ಹೇಳಿ. ಮನೆಯಲ್ಲಿ ಅಜ್ಜಿ ಇದ್ರೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ.

ಅಕ್ಕನ ಮಗು ಈಗ ಗಟ್ಟಿ ಸರಿ ತಿಂತಿದೆ. ಚಮಚ ತಾನೇ ಹಿಡೀಬೇಕು ಅಂತ ಹಟ ಮಾಡಿ ಅರ್ಧ ನೆಲಕ್ಕೆ ಚೆಲ್ಲುತ್ತೆ. ತೂಕದ ಗೆರೆ ಇನ್ನೂ ಪೂರ್ತಿ ಮೇಲೆ ಬಂದಿಲ್ಲ. ಟೀಚರ್ ಮುಂದಿನ ತಿಂಗಳು ಮತ್ತೆ ಬರ್ತೀನಿ ಅಂದಿದ್ದಾರೆ.